ಮತ್ತಾಯ 25ನ್ನು ಅರ್ಧಕ್ಕೇ ನಿಲ್ಲಿಸಬೇಡಿ

ಬೈಬಲಿನ ಮತ್ತಾಯ 25ರಲ್ಲಿ, ಕುರುಬನು ಕುರಿ-ಆಡುಗಳನ್ನು ಬೇರ್ಪಡಿಸುವಂತೆ ಯೇಸು ತೀರ್ಪಿನ ದಿನ ಜನರನ್ನು ಬಲಗಡೆ, ಎಡಗಡೆ ನಿಲ್ಲಿಸುವ ಭಾಗವಿದೆ. ಅದರ ಮೇಲೆ ಈಗಷ್ಟೇ ಒಂದು ಪ್ರಸಂಗ ಕೇಳಿದೆ. 40ನೇ ವಚನಕ್ಕೆ ಆಮೆನ್ ಹೇಳಿ ಮುಗಿಸಿಬಿಟ್ಟರು. ಎಡಗಡೆಯವರ ಮೇಲಿನ ತೀರ್ಪು ಬರುವ 41ರಿಂದ 46ರವರೆಗಿನ ಆರು ವಚನ ಓದಲೇ ಇಲ್ಲ. ಇದು ಇತ್ತೀಚೆಗೆ ಎಲ್ಲ ಕಡೆ ರೂಢಿಯಾಗುತ್ತಿದೆ, ನನಗೆ ಸಹಿಸಲಾಗುತ್ತಿಲ್ಲ.

ಆ ಆರು ವಚನಗಳಲ್ಲಿ ಏನಿದೆ ನೋಡಿ. ಹಸಿವು, ಬಾಯಾರಿಕೆ, ಪರದೇಶಿ, ಬಟ್ಟೆಯಿಲ್ಲದವನು, ರೋಗಿ, ಸೆರೆಯಾಳು. ಈ ಆರರ ಪಟ್ಟಿ ಇಡೀ ಭಾಗದಲ್ಲಿ ನಾಲ್ಕು ಸಲ ಬರುತ್ತದೆ. ಎಡಗಡೆ ನಿಂತವರ ಮೇಲೆ ಕೊಲೆಯ ಆರೋಪವಿಲ್ಲ, ಕಳ್ಳತನದ್ದೂ ಇಲ್ಲ. ಇಂಥವರಿಗಾಗಿ ಅವರು ಏನೂ ಮಾಡಲಿಲ್ಲ, ಅಷ್ಟೇ ಆರೋಪ. ಅದನ್ನು ಬಿಟ್ಟು ಓದಿದರೆ ಬಡವರಿಗೆ ಉಪಕಾರ ಮಾಡುವುದು ಒಳ್ಳೆಯದು ಅನ್ನುವ ಹಿತವಚನ ಉಳಿಯುತ್ತದೆ. ಹಸಿದವನು ಹಸಿದೇ ಉಳಿದದ್ದಕ್ಕೆ ಯಾರೋ ಉತ್ತರ ಕೊಡಬೇಕು ಅನ್ನುವ ಮಾತು ಹೋಗಿಬಿಡುತ್ತದೆ.

"ದೇವರು ಪ್ರೀತಿಸ್ವರೂಪಿ, ತೀರ್ಪಿನ ಮಾತು ಯಾಕೆ?" ಅನ್ನುತ್ತಾರೆ. ಆ ಮಾತಿರುವುದು 1 ಯೋಹಾನ 4:8ರಲ್ಲಿ. ಅದೇ ಅಧ್ಯಾಯದ 17ನೇ ವಚನದಲ್ಲಿ, ಪ್ರೀತಿ ನಮ್ಮಲ್ಲಿ ಪೂರ್ಣವಾದರೆ ನ್ಯಾಯತೀರ್ಪಿನ ದಿನದಲ್ಲಿ ಧೈರ್ಯವಿರುತ್ತದೆ ಎಂದಿದೆ. ಒಂಬತ್ತೇ ವಚನದ ಅಂತರ. ಯೋಹಾನನಿಗೆ ಪ್ರೀತಿಗೂ ತೀರ್ಪಿಗೂ ಜಗಳ ಕಾಣಲಿಲ್ಲ, ನಮಗೆ ಮಾತ್ರ ಕಾಣುತ್ತಿದೆ. ತೀರ್ಪು ಕೊಡುವ ದೇವರೇ ಬೇರೆ, ಯೇಸುವಿನ ತಂದೆಯೇ ಬೇರೆ ಎಂದು ಮಾರ್ಸಿಯನ್ ಎಂಬ ಬೋಧಕ ಎರಡನೇ ಶತಮಾನದಲ್ಲೇ ಹೇಳಿದ್ದ. ಸಭೆ ಅವನನ್ನು ಒಪ್ಪಲಿಲ್ಲ. "ಜೀವಂತರಿಗೂ ಸತ್ತವರಿಗೂ ನ್ಯಾಯತೀರಿಸಲು ಬರುವನು" ಎಂದು ನಾವು ಇವತ್ತಿಗೂ ವಿಶ್ವಾಸಪ್ರಮಾಣದಲ್ಲಿ ಹೇಳುತ್ತೇವೆ.

ತೀರ್ಪು ಯಾರಿಗಾಗಿ ಅನ್ನುವುದನ್ನು ಹಳೆಯ ಒಡಂಬಡಿಕೆಯ ಪ್ರವಾದಿ ಆಮೋಸನಷ್ಟು ಬಿಡಿಸಿ ಹೇಳಿದವರು ಕಡಿಮೆ. ಅವನ ಗ್ರಂಥದ ಮೊದಲ ಎರಡು ಅಧ್ಯಾಯ ನಿಧಾನವಾಗಿ ಓದಿ. ದಮಸ್ಕ, ಗಾಜಾ, ತೂರ್, ಎದೋಮ್, ಅಮ್ಮೋನ್, ಮೋವಾಬ್, ಯೆಹೂದ, ಕೊನೆಗೆ ಇಸ್ರಾಯೇಲ್. ಪ್ರತಿಯೊಂದಕ್ಕೂ ಬೇರೆ ಬೇರೆ ಆರೋಪ. ಗಾಜಾದವರು ಊರಿಗೆ ಊರನ್ನೇ ಸೆರೆಹಿಡಿದು ಎದೋಮಿಗೆ ಮಾರಿದರು. ಅಮ್ಮೋನರು ಗಡಿ ವಿಸ್ತರಿಸಿಕೊಳ್ಳಲು ಗಿಲ್ಯಾದಿನ ಗರ್ಭಿಣಿಯರ ಹೊಟ್ಟೆ ಸೀಳಿದರು. ಮೋವಾಬಿನ ಪಾಪ ಎದೋಮಿನ ರಾಜನ ಎಲುಬುಗಳನ್ನು ಸುಟ್ಟು ಸುಣ್ಣ ಮಾಡಿದ್ದು. ಇಲ್ಲಿ ಅನ್ಯಾಯಕ್ಕೊಳಗಾದವನು ಇಸ್ರಾಯೇಲ್ಯನೇ ಅಲ್ಲ, ಆದರೂ ದೇವರು ಲೆಕ್ಕ ಕೇಳುತ್ತಾನೆ! ಆಮೇಲೆ ಆಮೋಸನ ಕೇಳುಗರಾದ ಇಸ್ರಾಯೇಲ್ಯರದೇ ಸರದಿ. ಅವರು ಬಡವನನ್ನು ಒಂದು ಜೊತೆ ಕೆರಕ್ಕೆ ಮಾರಿದ್ದಾರೆ. ಅಡವಿಟ್ಟ ಮೇಲುಹೊದಿಕೆಯನ್ನು ಸೂರ್ಯ ಮುಳುಗುವ ಮೊದಲು ಹಿಂದಿರುಗಿಸಬೇಕು ಎಂದು ವಿಮೋಚನಕಾಂಡ 22:26 ಹೇಳುತ್ತದೆ. ಇವರು ಅಂಥ ಬಟ್ಟೆಯನ್ನೇ ಯಜ್ಞವೇದಿಯ ಪಕ್ಕ ಹಾಸಿಕೊಂಡು ಮಲಗಿದ್ದಾರೆ. ಇದನ್ನೆಲ್ಲ ಕಂಡೂ ಸುಮ್ಮನಿರುವ ದೇವರನ್ನು ಪ್ರೀತಿಸ್ವರೂಪಿ ಎಂದು ಆ ಬಟ್ಟೆಯ ಒಡೆಯನ ಮುಂದೆ ಹೇಳಲು ನಮಗೆ ಬಾಯಿ ಬರುತ್ತದೆಯೇ?

96ನೇ ಕೀರ್ತನೆಯಲ್ಲಿ ವನದ ಮರಗಳೆಲ್ಲ ಹರ್ಷಿಸುವುದು ದೇವರು ಭೂಮಿಗೆ ನ್ಯಾಯತೀರಿಸಲು ಬರುತ್ತಾನೆ ಎಂಬ ಕಾರಣಕ್ಕೆ. ತುಳಿತಕ್ಕೆ ಸಿಕ್ಕವರಿಗೆ ತೀರ್ಪು ಶುಭವಾರ್ತೆ. ಮುಯ್ಯಿ ತೀರಿಸಬೇಡಿರಿ, ಅದನ್ನು ದೇವರಿಗೆ ಬಿಡಿರಿ ಎಂದು ಪೌಲ ರೋಮಾಪುರದವರಿಗೆ (12:19) ಬರೆಯಲು ಸಾಧ್ಯವಾದದ್ದೂ ಅದರಿಂದಲೇ. ನ್ಯಾಯಾಧಿಪತಿಯೇ ಇಲ್ಲ ಅಂದಮೇಲೆ ನೊಂದವನು ಮುಯ್ಯಿಯನ್ನು ಯಾರ ಕೈಗೆ ಬಿಡಬೇಕು?

ಶಿಲುಬೆಯೂ ಹಾಗೆಯೇ. ದೇವರು ತಾನು ನೀತಿವಂತನಾಗಿಯೇ ಇದ್ದು ಪಾಪಿಯನ್ನು ನೀತಿವಂತನೆಂದು ನಿರ್ಣಯಿಸುತ್ತಾನೆ ಎಂಬುದು ರೋಮಾಪುರ 3:26ರ ಮಾತು. ತೀರ್ಪನ್ನು ತೆಗೆದರೆ ಕ್ಷಮಿಸಲು ಅಪರಾಧವೇ ಇರುವುದಿಲ್ಲ, ಕ್ರಿಸ್ತನು ಸತ್ತದ್ದು ಯಾಕೆ ಎಂದು ಹೇಳಲು ಪ್ರಸಂಗಿ ತಡವರಿಸಬೇಕಾಗುತ್ತದೆ.

ನರಕದ ಹೆಸರಿನಲ್ಲಿ ಜನರನ್ನು ಹೆದರಿಸಿ ಕಾಣಿಕೆ ಎತ್ತುವವರು, ಮಕ್ಕಳನ್ನು ನಡುಗಿಸುವವರು ಇದ್ದಾರೆ, ಗೊತ್ತು. ಅವರ ಮೇಲೂ ನನಗೆ ಇಷ್ಟೇ ಕೋಪವಿದೆ. ಅವರ ಬೆರಳು ಯಾವಾಗಲೂ ಹೊರಗಿನವರ ಕಡೆಗೇ ತಿರುಗಿರುತ್ತದೆ. ತೀರ್ಪು ದೇವರ ಮನೆಯಿಂದಲೇ ಆರಂಭ ಎಂದು 1 ಪೇತ್ರ 4:17ರಲ್ಲಿದೆ. ಯಾಕೋಬ 3:1 ಇನ್ನೂ ಹತ್ತಿರ ಬರುತ್ತದೆ: ನಿಮ್ಮಲ್ಲಿ ಬಹಳ ಮಂದಿ ಬೋಧಕರಾಗಬೇಡಿರಿ, ಬೋಧಕರಾದ ನಮಗೆ ಹೆಚ್ಚು ಕಠಿಣವಾದ ತೀರ್ಪಾಗುತ್ತದೆ ಎನ್ನುತ್ತದೆ. ಹೆದರಿಸುವವರೂ ವಚನ ಬಿಟ್ಟು ಓದುವವರೂ ಪ್ರಸಂಗಪೀಠ ಹತ್ತುವ ಮೊದಲು ಅದನ್ನೊಮ್ಮೆ ಓದಿಕೊಳ್ಳಲಿ.