ಯಾರೂ ಒತ್ತದ ಗುಂಡಿ

2018ರ ಮೇ 15ರಂದು, ಕರ್ನಾಟಕ ವಿಧಾನಸಭಾ ಚುನಾವಣೆಯ ಮತ ಎಣಿಕೆಯ ಬೆಳಿಗ್ಗೆ, ನಾನು ನಮ್ಮ ಬೀದಿಯ ಕ್ಷೌರದಂಗಡಿಯಲ್ಲಿ ಎರಡೂ ಕೆನ್ನೆಗೆ ನೊರೆ ಬಳಿಸಿಕೊಂಡು ಕುಳಿತಿದ್ದಾಗ, ಗೋಡೆಯ ಟಿವಿಯಲ್ಲಿ ಬಿಜೆಪಿಯ ಮುನ್ನಡೆ ಬಹುಮತದ ಗೆರೆಯಾದ 112ನ್ನು ದಾಟಿತು. ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದ ನಿವೃತ್ತ ನೌಕರರೊಬ್ಬರು ಸರದಿಯನ್ನೇ ಮರೆತು ಎದ್ದುಹೋದರು; ಹತ್ತು ನಿಮಿಷದಲ್ಲಿ ಮೂರು ಪೆಟ್ಟಿಗೆ ಮೈಸೂರು ಪಾಕ್ ಹಿಡಿದು ಮರಳಿದರು. ಮೊದಲನೆಯ ಪೆಟ್ಟಿಗೆ ಅಂಗಡಿಯಲ್ಲೇ ಖಾಲಿಯಾಯಿತು. ಎರಡನೆಯದು ಅರ್ಧವಾಗುವಷ್ಟರಲ್ಲಿ ಪರದೆಯ ಮೇಲಿನ ಅಂಕಿ ಇಳಿಯತೊಡಗಿತು, ಅವರ ಕೈಯೂ ನಿಧಾನವಾಯಿತು. ಅಂಕಿ 104ಕ್ಕೆ ಬಂದು ನಿಂತಾಗ ಅವರು ಮೂರನೆಯ ಪೆಟ್ಟಿಗೆಯ ದಾರವನ್ನು ಬಿಚ್ಚದೆ ಹಾಗೆಯೇ ಕಂಕುಳಲ್ಲಿ ಇಟ್ಟುಕೊಂಡು ಹಿಂದಿರುಗಿಸಲು ಹೋದರು. ಒಮ್ಮೆ ಮಾರಿದ ಸಿಹಿಯನ್ನು ವಾಪಸು ತೆಗೆದುಕೊಳ್ಳುವುದಿಲ್ಲವೆಂದು ಮಿಠಾಯಿ ಅಂಗಡಿಯವನು ಕಡ್ಡಿ ತುಂಡು ಮಾಡಿದಂತೆ ಹೇಳಿದನಂತೆ. ಆ ವಾರ ಇಡೀ ರಾಜ್ಯದಲ್ಲಿ ಖರೀದಿಗೆ ಸಂಬಂಧಿಸಿ ಇಷ್ಟು ಖಚಿತವಾದ ನಿಯಮವಿದ್ದದ್ದು ಬಹುಶಃ ಆ ಅಂಗಡಿಯಲ್ಲಿ ಮಾತ್ರ.

ಸಂಜೆಯ ಲೆಕ್ಕ ಎಲ್ಲರಿಗೂ ತಿಳಿದದ್ದೇ: ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37, ಇತರರು 3. ಮತದಾನ ನಡೆದ 222 ಕ್ಷೇತ್ರಗಳಲ್ಲಿ ಯಾರಿಗೂ ಬಹುಮತವಿಲ್ಲ, ಅಂದರೆ ಅತಂತ್ರ ವಿಧಾನಸಭೆ. ಅಂಕಿ ಇಳಿಯುತ್ತಿದ್ದಾಗಲೇ ಕ್ಷೌರಿಕ ಕತ್ತಿಯನ್ನು ನನ್ನ ಗಂಟಲ ಬಳಿ ನಿಲ್ಲಿಸಿ ಒಂದು ನಿಟ್ಟುಸಿರು ಬಿಟ್ಟು, “ಜನಕ್ಕೆ ಬುದ್ಧಿ ಇಲ್ಲ ಸಾರ್, ಯಾರಿಗಾದ್ರೂ ಒಬ್ಬರಿಗೆ ಪೂರ್ತಿ ಹಾಕೋಕಾಗಲ್ವಾ?” ಎಂದ ಮಾತು ಬೆಳಿಗ್ಗೆಯದೇ ಆದರೂ ಸಂಜೆಯವರೆಗೂ ಊರಿನ ಬಾಯಲ್ಲಿ ಉಳಿಯಿತು. ಬೆಂಚಿನಲ್ಲಿದ್ದವರೆಲ್ಲ ತಲೆಯಾಡಿಸಿದರು. ಅವರಲ್ಲಿ ಮೂವರ ಬೆರಳಿನ ಮೇಲೆ ಮೈಸೂರಿನಲ್ಲೇ ತಯಾರಾಗುವ ಆ ಅಳಿಸಲಾಗದ ಶಾಯಿ ಇನ್ನೂ ಹೊಳೆಯುತ್ತಿತ್ತು, ಮತ್ತು ಆ ಮೂವರೂ ಮೂರು ಬೇರೆ ಬೇರೆ ಪಕ್ಷಗಳಿಗೆ ಮತ ಹಾಕಿದ್ದನ್ನು ಅರ್ಧ ಗಂಟೆಯ ಹಿಂದಷ್ಟೇ ಪರಸ್ಪರ ಜಗಳವಾಡಿ ಸ್ಪಷ್ಟಪಡಿಸಿಕೊಂಡಿದ್ದರು. ಆದರೂ ಆ ‘ಜನ’ ಎಂಬುವರು ಆ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಪಕ್ಕದ ಬೀದಿಯಲ್ಲೋ ಪಕ್ಕದ ಜಿಲ್ಲೆಯಲ್ಲೋ ಇದ್ದಾರೆಂಬುದು ಸರ್ವಾನುಮತದ ತೀರ್ಮಾನ.

ಕನ್ನಡ ವ್ಯಾಕರಣದಲ್ಲಿ ‘ಜನ’ ಎಂಬುದು ಪ್ರಥಮ ಪುರುಷ. ಮಾತನಾಡುವ ನಾನೂ ಅದರಲ್ಲಿಲ್ಲ, ಕೇಳಿಸಿಕೊಳ್ಳುವ ನೀವೂ ಇಲ್ಲ. ಬಹುಮತ ಬಂದ ವರ್ಷ “ನಾವು ಗೆಲ್ಲಿಸಿದೆವು” ಎನ್ನುವ ನಾಡು, ಬಾರದ ವರ್ಷ “ಜನ ಹೀಗೆ ಮಾಡಿಬಿಟ್ಟರು” ಎನ್ನುತ್ತದೆ.

ಇನ್ನು ಟಿವಿಯಲ್ಲಿ ಕುಳಿತ ಪಂಡಿತರದ್ದು ಇದಕ್ಕೆ ನೇರ ವಿರುದ್ಧವಾದ ಸಿದ್ಧಾಂತ. ಅವರ ಪ್ರಕಾರ ಮತದಾರ ಮಹಾಜಾಣ. ಎಲ್ಲ ಪಕ್ಷಗಳಿಗೂ ಪಾಠ ಕಲಿಸಬೇಕೆಂದೇ, ಒಬ್ಬರಿಗೆ ಅಹಂಕಾರ ಬಾರದಂತೆ, ಇನ್ನೊಬ್ಬರು ನಿರಾಶರಾಗದಂತೆ, ಮೂರನೆಯವರು ನಿರುದ್ಯೋಗಿಗಳಾಗದಂತೆ ಅಳೆದು ತೂಗಿ ತೀರ್ಪು ಕೊಟ್ಟಿದ್ದಾನೆ. ಈ ಜಾಣ ಮತದಾರನ ಕಾರ್ಯವಿಧಾನವನ್ನು ನಾನು ಕಲ್ಪಿಸಿಕೊಳ್ಳಲು ಪ್ರಯತ್ನಿಸಿದ್ದುಂಟು. ಮೇ 12ರ ಮಧ್ಯಾಹ್ನ ಬೀದರ್ ಕಡೆಯ ಮತದಾರನು ಚಾಮರಾಜನಗರ ಕಡೆಯವನಿಗೆ ಫೋನ್ ಮಾಡಿ, “ನಮ್ಮ ಕಡೆ ಒಂದೆರಡು ಹೆಚ್ಚಾಗುವಂತೆ ಕಾಣುತ್ತದೆ, ನೀವು ಅಲ್ಲಿ ಸ್ವಲ್ಪ ಇಳಿಸಿ, 104ರ ಮೇಲೆ ಹೋದರೆ ಪಾಠ ಕೆಡುತ್ತದೆ” ಎಂದು ಹೇಳಿರಬೇಕು. ಕರಾವಳಿಯವನು ಆಗಲೇ ಮತ ಹಾಕಿ ಮನೆಗೆ ಹೋಗಿಬಿಟ್ಟಿದ್ದರಿಂದ ಹಳೇ ಮೈಸೂರಿನವನು ಆ ಕೊರತೆಯನ್ನು ತುಂಬಿಕೊಟ್ಟಿರಬೇಕು. ವಾಸ್ತವದಲ್ಲಿ ಮತಯಂತ್ರದ ಮೇಲೆ ಹೆಸರುಗಳಿದ್ದವು, ಚಿಹ್ನೆಗಳಿದ್ದವು, ಕೊನೆಯಲ್ಲಿ ‘ನೋಟಾ’ ಕೂಡ ಇತ್ತು. ‘ಅತಂತ್ರ’ ಎಂಬ ಗುಂಡಿ ಮಾತ್ರ ಎಲ್ಲಿಯೂ ಇರಲಿಲ್ಲ. ಅದರ ಪರವಾಗಿ ಯಾರೂ ಠೇವಣಿ ಕಟ್ಟಲಿಲ್ಲ, ರೋಡ್ ಶೋ ನಡೆಸಲಿಲ್ಲ, ಯಾರ ಮನೆಗೂ ಅದರ ಕರಪತ್ರ ಬರಲಿಲ್ಲ. ಆದರೂ ಗೆದ್ದದ್ದು ಅದೇ.

ಗೆದ್ದವರು ಯಾರೆಂಬುದು ತಿಳಿಯದಿದ್ದಾಗ ‘ಜನಾದೇಶ’ ಎಂಬ ಪದಕ್ಕೆ ಬೇಡಿಕೆ ಏರುತ್ತದೆ. 104 ಸ್ಥಾನ ಪಡೆದವರು ತಾವೇ ದೊಡ್ಡ ಪಕ್ಷವಾದ್ದರಿಂದ ಜನಾದೇಶ ತಮ್ಮದೆಂದರು. ಶೇ. 38ರಷ್ಟು ಮತ ಪಡೆದ ಕಾಂಗ್ರೆಸ್ಸಿಗೆ ಸಿಕ್ಕಿದ್ದು 78 ಸ್ಥಾನ, ಶೇ. 36ರಷ್ಟು ಪಡೆದ ಬಿಜೆಪಿಗೆ 104. ಹೀಗಾಗಿ ಮತಗಳನ್ನು ಎಣಿಸುವವರಿಗೆ ಒಂದು ಜನಾದೇಶ ಕಂಡರೆ ಸ್ಥಾನಗಳನ್ನು ಎಣಿಸುವವರಿಗೆ ಇನ್ನೊಂದು ಕಂಡಿತು. 37 ಸ್ಥಾನದವರು ಮುಖ್ಯಮಂತ್ರಿಯ ಪದವಿಯನ್ನೇ ಪಡೆದದ್ದರಿಂದ ಅವರಿಗೆ ಜನಾದೇಶದ ಬಗ್ಗೆ ಮಾತನಾಡುವ ಅಗತ್ಯವೇ ಬೀಳಲಿಲ್ಲ. ಮನೆಮನೆಯಲ್ಲಿಯೂ ಇದೇ ವಾದ ನಡೆಯಿತು, ಮತ್ತು ಆ ವಾರ ಯಾವ ಮನೆಯ ಕೂಡುವ ಲೆಕ್ಕವೂ ಪಕ್ಕದ ಮನೆಯದಕ್ಕೆ ತಾಳೆಯಾಗಲಿಲ್ಲ. 104ಕ್ಕೆ ಇನ್ನೂ 8 ಬೇಕು. ಇತರರು ಮೂವರು, ಅಲ್ಲಿಗೆ 107. ಉಳಿದವರು ‘ಆತ್ಮಸಾಕ್ಷಿಗೆ ಅನುಗುಣವಾಗಿ’ ಬರುತ್ತಾರೆ. ಶಾಸಕರಿಗೆ ಆತ್ಮಸಾಕ್ಷಿಯಿದೆಯೆಂದು ನಮ್ಮ ಸಾರ್ವಜನಿಕರು ಅಷ್ಟು ದೃಢವಾಗಿ ನಂಬಿದ ದಿನಗಳನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ಇದೆಲ್ಲ ನಮಗೆ ಹೊಸದೇನಲ್ಲ, ಆದರೂ ಪ್ರತಿ ಸಲವೂ ಆಕಾಶವೇ ಕಳಚಿಬಿದ್ದಂತೆ ಬೆಚ್ಚಿಬೀಳುವ ಸಂಪ್ರದಾಯವನ್ನು ನಾವು ಬಿಟ್ಟಿಲ್ಲ. 1983ರಲ್ಲಿ ಜನತಾ ಪಕ್ಷಕ್ಕೆ 95 ಸ್ಥಾನ ಬಂದು, ರಾಮಕೃಷ್ಣ ಹೆಗಡೆಯವರು ಹೊರಗಿನ ಬೆಂಬಲದಿಂದ ಸರ್ಕಾರ ನಡೆಸಿದರು. ಅದನ್ನು ಈಗ ಹಿರಿಯರು ಸುವರ್ಣಯುಗವೆಂದು ನೆನೆಯುತ್ತಾರಾದರೂ ಆಗ ಅದು ಆರು ತಿಂಗಳೂ ಬಾಳುವುದಿಲ್ಲವೆಂದು ಪಣ ಕಟ್ಟಿದವರು ತಾವೇ ಎಂಬುದನ್ನು ಹೇಳುವುದಿಲ್ಲ. 2004ರಲ್ಲಿ ಬಿಜೆಪಿಗೆ 79, ಕಾಂಗ್ರೆಸ್ಸಿಗೆ 65, ಜೆಡಿಎಸ್‌ಗೆ 58 ಎಂಬ ಅಂಕಿಗಳು ಬಂದವು. ಆ ಒಂದೇ ಸದನ ಧರ್ಮಸಿಂಗ್, ಕುಮಾರಸ್ವಾಮಿ, ಯಡಿಯೂರಪ್ಪ ಎಂಬ ಮೂವರು ಮುಖ್ಯಮಂತ್ರಿಗಳನ್ನೂ, ನಡುವೆ ರಾಷ್ಟ್ರಪತಿ ಆಳ್ವಿಕೆಯನ್ನೂ ಕೊಟ್ಟಿತು. ಜೆಡಿಎಸ್ ಮತ್ತು ಬಿಜೆಪಿ ಇಪ್ಪತ್ತು ಇಪ್ಪತ್ತು ತಿಂಗಳೆಂದು ಹಂಚಿಕೊಂಡ ಅಧಿಕಾರದ ಎರಡನೆಯ ಕಂತು 2007ರ ನವೆಂಬರಿನಲ್ಲಿ ಏಳು ದಿನಕ್ಕೆ ಮುಗಿಯಿತು. ‘ವಚನಭ್ರಷ್ಟ’ ಎಂಬ ಗಂಭೀರ ಪದ ಹಳೆಯ ಕಾವ್ಯಗಳಿಂದ ಇಳಿದು ಆಟೋ ನಿಲ್ದಾಣಕ್ಕೆ ಬಂದದ್ದು ಆಗಲೇ.

ಅಂದಹಾಗೆ, 2018ರ ಆ ವಾರ ಅಧಿಕ ಮಾಸ ಆರಂಭವಾಗಿತ್ತು. ಮದುವೆ, ಗೃಹಪ್ರವೇಶ, ಉಪನಯನ ಯಾವುದಕ್ಕೂ ಮುಹೂರ್ತವಿರಲಿಲ್ಲ. ಪ್ರಮಾಣವಚನಕ್ಕೆ ಮಾತ್ರ ಒಂದೇ ತಿಂಗಳಲ್ಲಿ ಎರಡು ಮುಹೂರ್ತಗಳು ದೊರೆತವು, ಒಂದು ಮೇ 17ರಂದು ಯಡಿಯೂರಪ್ಪನವರಿಗೆ, ಇನ್ನೊಂದು ಮೇ 23ರಂದು ಕುಮಾರಸ್ವಾಮಿಯವರಿಗೆ. ಅಧಿಕ ಮಾಸದಲ್ಲಿ ಅಧಿಕವಾಗಿ ಇಲ್ಲದ್ದು ಸಂಖ್ಯೆಯೊಂದೇ. ಬಹುಮತ ಸಾಬೀತುಪಡಿಸಲು ರಾಜ್ಯಪಾಲರು 15 ದಿನ ಕೊಟ್ಟರು, ಪ್ರಮಾಣವಚನವನ್ನು ತಡೆಯಬೇಕೆಂಬ ಅರ್ಜಿಯನ್ನು ಸುಪ್ರೀಂ ಕೋರ್ಟ್ ರಾತ್ರಿಯಿಡೀ ಆಲಿಸಿ ತಡೆ ಕೊಡಲಿಲ್ಲ, ಮರುದಿನ ಆ 15 ದಿನವನ್ನು ಒಂದು ದಿನಕ್ಕೆ ಇಳಿಸಿ ಮೇ 19ರ ಸಂಜೆ ನಾಲ್ಕು ಗಂಟೆಗೆ ವಿಶ್ವಾಸಮತ ನಡೆಯಲಿ ಎಂದಿತು. ನಾಡಿನಲ್ಲಿ ಯಾರೂ ಮಲಗಲಿಲ್ಲ. ನಮ್ಮ ತರಕಾರಿಯವಳು ಬೀನ್ಸ್ ತೂಗುತ್ತ, “ಹಂಗಾಮಿ ಸ್ಪೀಕರ್ ಹಿರಿಯರೇ ಆಗಬೇಕಲ್ವಾ ಸಾರ್?” ಎಂದು ಕೇಳಿದಾಗ ನಾನು ಉತ್ತರ ತಿಳಿಯದೆ ಚಿಲ್ಲರೆಯನ್ನೂ ಬಿಟ್ಟು ಬಂದೆ. ಬಹುಮತ ತೀರ್ಮಾನವಾಗಬೇಕಾದದ್ದು ಸದನದಲ್ಲಿಯೇ ಎಂದು 1994ರಲ್ಲಿ ತೀರ್ಪು ಬಂದ ಬೊಮ್ಮಾಯಿ ಪ್ರಕರಣ ನಮ್ಮದೇ ರಾಜ್ಯದ ಹೆಮ್ಮೆಯ ಕೊಡುಗೆ. ಆ ಹೆಮ್ಮೆಗೆ ಧಕ್ಕೆ ಬಾರದಿರಲೆಂದೇ ನಾವು ಆಗಾಗ ಅದನ್ನು ಬಳಸುವ ಸಂದರ್ಭಗಳನ್ನು ಒದಗಿಸುತ್ತಿರುತ್ತೇವೆ. ಈ ಬಾರಿ ಸದನದಲ್ಲಿ ಎಣಿಕೆಯೇ ಆಗಲಿಲ್ಲ. ಭಾಷಣ ಮುಗಿಸಿ ಯಡಿಯೂರಪ್ಪನವರು ರಾಜೀನಾಮೆ ಕೊಡಲು ಹೊರಟರು.

ಶಾಸಕರು ಆ ಹೊತ್ತಿಗೆ ಬಿಡದಿಯ ರೆಸಾರ್ಟ್ ನೋಡಿ, ರಾತ್ರೋರಾತ್ರಿ ಬಸ್ಸಿನಲ್ಲಿ ಹೈದರಾಬಾದಿಗೂ ಹೋಗಿ ಬಂದಿದ್ದರು. ಇಲ್ಲಿ ಸಾರ್ವಜನಿಕರ ಪ್ರತಿಕ್ರಿಯೆ ಎರಡು ಹಂತದ್ದು. ಮೊದಲು ಎಲ್ಲರೂ “ಛೀ, ಥೂ, ಕುರಿಗಳನ್ನು ತುಂಬಿಕೊಂಡು ಹೋದ ಹಾಗೆ” ಎಂದು ಉಗಿದರು; ಆಮೇಲೆ ಅದೇ ಬಸ್ಸಿನ ಪರದೆಯ ಸಂದಿಯಿಂದ ಇಣುಕುವ ಮುಖ ಯಾರದ್ದೆಂದು ಪತ್ತೆಹಚ್ಚಲು ಟಿವಿಗೆ ಮೂಗು ತಾಗುವಷ್ಟು ಹತ್ತಿರ ಹೋದರು. ಐದು ವರ್ಷದಲ್ಲಿ ಒಮ್ಮೆಯೂ ತಮ್ಮ ಶಾಸಕ ಎಲ್ಲಿದ್ದಾನೆಂದು ತಿಳಿಯದ ಕ್ಷೇತ್ರದ ಜನರಿಗೆ ಆ ವಾರ ಅವನು ಯಾವ ಹೆದ್ದಾರಿಯಲ್ಲಿದ್ದಾನೆ, ಯಾವ ಮಹಡಿಯಲ್ಲಿ ಮಲಗಿದ್ದಾನೆ, ಬೆಳಿಗ್ಗೆ ಇಡ್ಲಿ ತಿಂದನೋ ದೋಸೆ ತಿಂದನೋ ಎಂಬುದೆಲ್ಲ ಗಂಟೆಗೊಮ್ಮೆ ತಿಳಿಯಿತು. ಜನಪ್ರತಿನಿಧಿಗೂ ಜನರಿಗೂ ನಡುವಿನ ಸಂಪರ್ಕ ಇಷ್ಟು ಗಾಢವಾಗಿದ್ದ ಕಾಲ ಬೇರೊಂದಿಲ್ಲ. ಈ ವಿಷಯದಲ್ಲಿ ನಮಗೆ ಅನುಭವವೂ ಇದೆ: 2017ರಲ್ಲಿ ಗುಜರಾತಿನ ಕಾಂಗ್ರೆಸ್ ಶಾಸಕರು ಇದೇ ಬಿಡದಿಗೆ ಬಂದು ಇಳಿದಾಗ ನಾವು ಆತಿಥೇಯರಾಗಿದ್ದೆವು, ಮರುವರ್ಷ ಅತಿಥಿಗಳನ್ನು ಕಳುಹಿಸುವವರಾದೆವು.

ಯಡಿಯೂರಪ್ಪನವರ ನಂತರ ಬಂದ ಕಾಂಗ್ರೆಸ್-ಜೆಡಿಎಸ್ ಸಮ್ಮಿಶ್ರ ಸರ್ಕಾರ ಹದಿನಾಲ್ಕು ತಿಂಗಳು ನಡೆಯಿತು. 2019ರ ಜುಲೈನಲ್ಲಿ ಕೆಲವು ಶಾಸಕರು ರಾಜೀನಾಮೆ ಕೊಟ್ಟು ಮುಂಬೈ ಸೇರಿದರು, ಜುಲೈ 23ರಂದು 99ಕ್ಕೆ 105 ಮತಗಳಿಂದ ವಿಶ್ವಾಸಮತ ಬಿದ್ದುಹೋಯಿತು, 17 ಮಂದಿ ಅನರ್ಹರಾದರು. ಕ್ಷೌರದಂಗಡಿಯ ಬೆಂಚು ಆಗ ಕೊತಕೊತ ಕುದಿಯಿತು. “ಮತದಾರನೇ ಇವರಿಗೆಲ್ಲ ತಕ್ಕ ಶಾಸ್ತಿ ಮಾಡ್ತಾನೆ, ನೋಡ್ತಿರಿ” ಎಂದು ಮೈಸೂರು ಪಾಕಿನ ಹಿರಿಯರೂ ಸೇರಿದಂತೆ ಎಲ್ಲ ಪಕ್ಷದವರೂ ಒಮ್ಮತದಿಂದ ಘೋಷಿಸಿದರು. ಡಿಸೆಂಬರ್ 5ರಂದು 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆದು, ಬಹುಪಾಲು ಅನರ್ಹರನ್ನೇ ಕಣಕ್ಕಿಳಿಸಿದ್ದ ಬಿಜೆಪಿ 12ರಲ್ಲಿ ಗೆದ್ದಿತು. ತಕ್ಕ ಶಾಸ್ತಿ ಮಾಡಲು ಹೋದ ಮತದಾರ ದಾರಿಯಲ್ಲಿ ಏನು ಕಂಡನೋ, ಹಾರ ಹಾಕಿ ಬಂದಿದ್ದ. ಫಲಿತಾಂಶದ ಮರುದಿನ ಬೆಂಚಿನ ಮೇಲೆ ಅದೇ ಹಳೆಯ ಮಾತು: ಜನಕ್ಕೆ ಬುದ್ಧಿ ಇಲ್ಲ.

2023ರಲ್ಲಿ ಮತಗಟ್ಟೆ ಸಮೀಕ್ಷೆಗಳಲ್ಲಿ ಹಲವು ಮತ್ತೆ ಅತಂತ್ರದ ಸೂಚನೆ ಕೊಟ್ಟಿದ್ದವು. ಮೇ 13ರಂದು ನಾನು ಅಂಗಡಿಗೆ ಹೋದಾಗ ಬೆಂಚು ಭರ್ತಿಯಾಗಿತ್ತು. ಹಿರಿಯರು ಹಿಂದಿನ ಪಾಠ ನೆನಪಿಟ್ಟುಕೊಂಡು ಈ ಸಲ ಕಾಲು ಕಿಲೋ ಮಾತ್ರ ತಂದಿದ್ದರು, ಅದನ್ನೂ ಯಾರ ಹೆಸರಿನಲ್ಲಿ ಹಂಚುವುದೆಂದು ನಿರ್ಧರಿಸಿರಲಿಲ್ಲ. ಒಬ್ಬರು ಕಾಗದದ ಮೇಲೆ ಮೂರು ಕಂಬಸಾಲುಗಳನ್ನು ಗೆರೆ ಹಾಕಿಕೊಂಡು, ಯಾರ ಜೊತೆ ಯಾರು ಸೇರಿದರೆ ಎಷ್ಟಾಗುತ್ತದೆಂದು ಬರೆಯಲು ಪೆನ್ಸಿಲ್ ಚೂಪು ಮಾಡುತ್ತಿದ್ದರು. ಆದರೆ ಮಧ್ಯಾಹ್ನದ ಊಟದ ಹೊತ್ತಿಗೆ ಕಾಂಗ್ರೆಸ್ಸಿಗೆ ಬಹುಮತ ಖಚಿತವಾಗಿತ್ತು. ಅಂತಿಮ ಲೆಕ್ಕ 135. ಯಾರೂ ಬಸ್ಸು ಹತ್ತುವ ಹಾಗಿರಲಿಲ್ಲ, ಯಾರೂ ಕೋರ್ಟಿನ ಬಾಗಿಲು ಬಡಿಯುವ ಹಾಗಿರಲಿಲ್ಲ. ಸ್ಥಿರ ಸರ್ಕಾರಕ್ಕಾಗಿ ಐದು ವರ್ಷ ಹಪಹಪಿಸಿದ್ದ ಬೆಂಚಿನ ಮೇಲೆ ಸಾವಿನ ಮನೆಯ ಮೌನ ಕವಿಯಿತು. ಗೆದ್ದ ಪಕ್ಷಕ್ಕೇ ಮತ ಹಾಕಿದ್ದವರೊಬ್ಬರು ಆಕಳಿಸಿ ಎದ್ದರು. ಪೆನ್ಸಿಲಿನವರು ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡರು.

ಕ್ಷೌರಿಕ ಟಿವಿ ಆರಿಸಲು ರಿಮೋಟ್ ಎತ್ತಿಕೊಂಡವನು ಪರದೆಯ ಕೆಳಗೆ ಓಡುತ್ತಿದ್ದ ಸಾಲನ್ನು ಓದಿ ಕೈ ತಡೆದ. “ಹೋಗ್ಬೇಡಿ ಸಾರ್, ಕೂತ್ಕೊಳ್ಳಿ” ಎಂದು ಬಾಗಿಲಲ್ಲಿದ್ದವರನ್ನು ಕರೆದು, ಧ್ವನಿಯನ್ನು ಎರಡು ಗೆರೆ ಏರಿಸಿದ. “ಮುಖ್ಯಮಂತ್ರಿ ಯಾರು ಅಂತ ಇನ್ನೂ ಆಗಿಲ್ಲವಂತೆ.”