ಪಶ್ಚಿಮದಲ್ಲಿ ಚಪ್ಪಲಿ, ಪೂರ್ವದಲ್ಲಿ ನಾವು

ಮಧುರೈ ಮೀನಾಕ್ಷಿ ದೇವಸ್ಥಾನಕ್ಕೆ ಹೋಗುವವರು ಹಣ್ಣುಕಾಯಿ, ಹೂವು ಎಲ್ಲ ಆಮೇಲೆ ನೋಡಿಕೊಂಡರೂ ನಡೆಯುತ್ತದೆ. ಮೊದಲು ಚಪ್ಪಲಿ ಯಾವ ದಿಕ್ಕಿನ ಬಾಗಿಲಲ್ಲಿ ಬಿಟ್ಟಿರಿ ಅಂತ ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಳ್ಳಿ. ಫೋನಿನಲ್ಲಿ ಫೋಟೋ ಹೊಡೆದಿಟ್ಟುಕೊಂಡರೆ ಏನೂ ಉಪಯೋಗವಿಲ್ಲ. 2018ರಿಂದ ಒಳಗೆ ಫೋನ್ ಬಿಡುವುದಿಲ್ಲ. ಅದನ್ನೂ ಚಪ್ಪಲಿ ಬಿಟ್ಟ ಕಡೆಯೇ ಕೊಟ್ಟು ಹೋಗಬೇಕು.

ಜಾಗ ಅಷ್ಟಿಷ್ಟಲ್ಲ. ಸುಮಾರು 14 ಎಕರೆ. ಒಳಗೆ ಹೊರಗೆ ಸೇರಿ 14 ಗೋಪುರ. ಅದರಲ್ಲಿ ಹೊರಗೋಡೆಯ ನಾಲ್ಕು ದಿಕ್ಕಿಗೆ ನಾಲ್ಕು ದೊಡ್ಡವು. ಗೋಡೆಯ ಸುತ್ತ ಚಿತ್ತಿರೈ ಬೀದಿ, ಅದರಾಚೆ ಆವಣಿ ಮೂಲ ಬೀದಿ, ಅದರಾಚೆ ಮಾಸಿ ಬೀದಿ. ಎಲ್ಲ ತಮಿಳು ತಿಂಗಳುಗಳ ಹೆಸರು. ಒಂದೊಂದಕ್ಕೂ ಮತ್ತೆ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಅಂತ ನಾಲ್ಕು ಭಾಗ. ದಿಕ್ಕು ಗೊತ್ತಿದ್ದವರಿಗೆ ಇಡೀ ಊರು ಅಂಗೈ ಮೇಲಿದ್ದ ಹಾಗೆ.

ನಮ್ಮ ಜೊತೆ ದಿಕ್ಕು ಗೊತ್ತಿದ್ದವರು ಒಬ್ಬರು ಇದ್ದರು. ತೊಂದರೆ ಆಗಿದ್ದೇ ಅದರಿಂದ.

ನಮ್ಮ ಚಿಕ್ಕಪ್ಪ ಸರ್ವೆ ಇಲಾಖೆಯಲ್ಲಿ ಸರಪಳಿ ಎಳೆದು, ಕಲ್ಲು ನೆಡಿಸಿ ರಿಟೈರ್ ಆದವರು. ಹೋಟೆಲಿಗೆ ಹೋದರೆ "ಆಗ್ನೇಯದ ಟೇಬಲ್ಲಿಗೆ ಕೂತ್ಕೊಳ್ಳೋಣ" ಅನ್ನುತ್ತಾರೆ. ಮದುವೆ ಮನೆಯಲ್ಲಿ ಪಾಯಸ ಬಡಿಸುವವನಿಗೆ "ಸ್ವಲ್ಪ ಉತ್ತರಕ್ಕೆ ಬಾಪ್ಪ" ಅಂದಿದ್ದನ್ನು ನಾನೇ ಕೇಳಿದ್ದೇನೆ. ಹೀಗಾಗಿ ನಮ್ಮ ಮನೆಯಲ್ಲಿ ಯಾರೂ ದಾರಿಯಲ್ಲಿ ದಾರಿ ಕೇಳುವ ಪದ್ಧತಿ ಇಲ್ಲ. ಚಿಕ್ಕಮ್ಮನಿಗೆ ಮಂಡಿನೋವು. ನಮ್ಮ ಯಜಮಾನರು ವಾಟ್ಸಾಪಿನಲ್ಲಿ ಕವನ ಬರೆಯುತ್ತಾರೆ, ಬಾಯಲ್ಲಿ ಮಾತಾಡುವುದು ಕಮ್ಮಿ. ಇವರ ಜೊತೆ ನಾನು. ಕಾಲ ಏಪ್ರಿಲ್. ಮಕ್ಕಳಿಗೆ ರಜ ಸಿಕ್ಕಿದ್ದೇ ಅವರು ಅಜ್ಜಿ ಮನೆಗೆ ಓಡಿದ್ದರು. ಬದುಕಿಕೊಂಡವು.

ನಮ್ಮ ಲಾಡ್ಜು ರೈಲ್ವೆ ಸ್ಟೇಷನ್ ಕಡೆ ಇತ್ತು. ಅದು ದೇವಸ್ಥಾನಕ್ಕೆ ಪಶ್ಚಿಮ. ಆದ್ದರಿಂದ ಪಶ್ಚಿಮ ಗೋಪುರದ ಹತ್ತಿರ ಚಪ್ಪಲಿ ಬಿಟ್ಟು, ಫೋನ್ ಕೊಟ್ಟು, ಬಿಲ್ಲೆ ತೆಗೆದುಕೊಂಡೆವು. ಅಲ್ಲಿ ಚಿಕ್ಕಪ್ಪ ಎಲ್ಲರನ್ನೂ ನಿಲ್ಲಿಸಿ ಗೋಪುರ ತೋರಿಸಿದರು.

"ಗುರುತು ಇಟ್ಕೊಳ್ಳಿ. ಬಾಗಿಲ ಪಕ್ಕ ನೀಲಿ ಮೈಯವನು. ದಪ್ಪ ಮೀಸೆ, ಕೋರೆಹಲ್ಲು, ಕೈಯಲ್ಲಿ ಗದೆ. ವಾಪಸ್ ಬರುವಾಗ ಇವನನ್ನ ನೋಡಿದ್ರೆ ಮುಗೀತು."

ನೋಡಿಕೊಂಡೆವು. ಕೆಳಗೆ ಕಲ್ಲಿನ ಕಟ್ಟಡ. ಮೇಲೆ ಇಟ್ಟಿಗೆ, ಗಾರೆ. ಅದರ ಮೇಲೆ ಅಂತಸ್ತು ಅಂತಸ್ತಾಗಿ ಕೂತ, ನಿಂತ, ಕುಣಿಯುವ ಗಾರೆಯ ಗೊಂಬೆಗಳು. ಒಬ್ಬೊಬ್ಬರಿಗೂ ಬಣ್ಣ, ಒಡವೆ, ಗತ್ತು. ದಕ್ಷಿಣ ಗೋಪುರ ಒಂದರಲ್ಲೇ ಸಾವಿರಕ್ಕೂ ಜಾಸ್ತಿ ಗೊಂಬೆಗಳಿವೆಯಂತೆ. ಇಷ್ಟು ಜನರ ನಡುವೆ ಚಿಕ್ಕಪ್ಪನ ಕಣ್ಣಿಗೆ ಬಿದ್ದವನು ಆ ನೀಲಿ ಮೀಸೆಯವನು.

ಒಳಗೆ ಹೋದ ಮೇಲೆ ಆಕಾಶ ಕಾಣುವುದಿಲ್ಲ. ಉದ್ದುದ್ದ ಪ್ರಾಕಾರ, ಎರಡೂ ಕಡೆ ಕಲ್ಲಿನ ಕಂಬ, ತಲೆ ಮೇಲೆ ಬಣ್ಣದ ಚಿತ್ತಾರ. ಎಲ್ಲಿ ತಿರುಗಿದರೂ ಇನ್ನೊಂದು ಪ್ರಾಕಾರ. ಇಲ್ಲಿ ಮೊದಲ ಪೂಜೆ ಅಮ್ಮನಿಗೆ, ಆಮೇಲೆ ಅಯ್ಯನಿಗೆ, ಅಂದರೆ ಅವಳ ಗಂಡ ಸುಂದರೇಶ್ವರನಿಗೆ. ಕೈಯಲ್ಲಿ ಗಿಳಿ ಹಿಡಿದು ನಿಂತ ಮೀನಾಕ್ಷಿಯ ಎದುರು ನಮಗೆ ಸಿಕ್ಕಿದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು. ಹಿಂದಿನವರು ತಳ್ಳಿದರು, ಮುಂದಿನವರ ಮೇಲೆ ಬಿದ್ದೆವು, ದರ್ಶನ ಆಯಿತು.

ಆಚೆ ಬಂದರೆ ಪೊಟ್ರಾಮರೈ ಕೊಳ. 165 ಅಡಿ ಉದ್ದ, 120 ಅಡಿ ಅಗಲ, ಸುತ್ತ ಮೆಟ್ಟಿಲು, ನಡುವೆ ಚಿನ್ನದ ಬಣ್ಣದ ತಾವರೆ. ಹಿಂದಿನ ಕಾಲದಲ್ಲಿ ಕವಿಗಳು ತಮ್ಮ ಓಲೆಗರಿ ತಂದು ಈ ಕೊಳಕ್ಕೆ ಬಿಡುತ್ತಿದ್ದರಂತೆ. ಒಳ್ಳೆಯ ಕೃತಿ ತೇಲುತ್ತಿತ್ತು, ಕೆಟ್ಟದ್ದು ಮುಳುಗುತ್ತಿತ್ತು ಅಂತ ಕಥೆ. ನಾನು ಯಜಮಾನರ ಮುಖ ನೋಡಿದೆ. ಅವರು ನೀರಿನಿಂದ ಎರಡು ಮೆಟ್ಟಿಲು ಹಿಂದೆ ಸರಿದರು. ಪುಣ್ಯಕ್ಕೆ ಫೋನು ಹೊರಗಿತ್ತು.

ಕೊಳದ ಆಚೆಗೆ ದಕ್ಷಿಣ ಗೋಪುರ ಪೂರ್ತಿ ಕಾಣುತ್ತದೆ. 170 ಅಡಿ, ಇರುವುದರಲ್ಲೇ ಎತ್ತರದ್ದು, 1559ರಲ್ಲಿ ಆಗಿದ್ದು. ಚಿಕ್ಕಪ್ಪ ಕಣ್ಣು ಕಿರಿದು ಮಾಡಿ ಅದನ್ನೇ ನೋಡಿದರು. "ಅಗೋ ನಮ್ಮ ನೀಲಿಯವನು. ನಾವು ಬಂದಿದ್ದು ಆ ಕಡೆಯಿಂದ" ಅಂದರು. ಅಲ್ಲಿಂದ ಮುಂದೆ ಅವರ ತಲೆಯೊಳಗಿನ ನಕ್ಷೆಯಲ್ಲಿ ದಕ್ಷಿಣವೇ ಪಶ್ಚಿಮ ಆಯಿತು. ಆ ಹೊತ್ತಿಗೆ ನಮಗ್ಯಾರಿಗೂ ಅದು ಗೊತ್ತಾಗಲಿಲ್ಲ.

ಅಮ್ಮನ ಗುಡಿಯಿಂದ ಸ್ವಾಮಿಯ ಗುಡಿಗೆ ಹೋಗುವ ದಾರಿಯಲ್ಲಿ ಮುಕ್ಕುರುಣಿ ಪಿಳ್ಳೈಯಾರ್ ಕೂತಿದ್ದಾನೆ. ಆಳೆತ್ತರ ಮೀರಿದ ಗಣಪ. ಮಧುರೈ ಆಳಿದ ದೊರೆ ತಿರುಮಲ ನಾಯಕ ತೆಪ್ಪಕೊಳ ತೋಡಿಸುವಾಗ ಮಣ್ಣಿನಲ್ಲಿ ಸಿಕ್ಕಿದವನಂತೆ. ಗಣೇಶ ಚೌತಿಗೆ ಮೂರು ಕುರುಣಿ, ಅಂದರೆ 18 ಪಡಿ ಅಕ್ಕಿಯಲ್ಲಿ ಇವನಿಗೆ ಒಂದೇ ಒಂದು ಕಡುಬು ಮಾಡುತ್ತಾರೆ. ಚಿಕ್ಕಮ್ಮ ಅಲ್ಲೇ ನಿಂತುಬಿಟ್ಟರು. ಕೈ ಮುಗಿದಿದ್ದರೂ ಗಮನ ದೇವರ ಮೇಲೆ ಇರಲಿಲ್ಲ.

"ಅಷ್ಟು ದಪ್ಪಕ್ಕೆ ನಡುವಿನ ತನಕ ಹಬೆ ಹೇಗೆ ಹೋಗತ್ತೇ? ಹೊರಗೆ ಬೆಂದು ಒಳಗೆ ಹಿಟ್ಟು ಹಿಟ್ಟಾಗಲ್ವಾ?"

ನನಗೂ ಅದೇ ಅನುಮಾನ ಬಂತು. ಅಡುಗೆಯವರಿಗೆ ಕೈ ಮುಗಿದು ಮುಂದೆ ಹೋದೆವು.

ವೆಳ್ಳಿಯಂಬಲದಲ್ಲಿ, ಅಂದರೆ ಬೆಳ್ಳಿ ಸಭೆಯಲ್ಲಿ, ನಟರಾಜನಿದ್ದಾನೆ. ಎಲ್ಲ ಕಡೆ ನಟರಾಜ ಎತ್ತುವುದು ಎಡಗಾಲು, ಇಲ್ಲಿ ಬಲಗಾಲು. ಕಥೆ ಚೆನ್ನಾಗಿದೆ. ಒಬ್ಬ ಪಾಂಡ್ಯ ರಾಜ ನಾಟ್ಯ ಕಲಿಯಲು ಹೋಗಿ ಕಾಲು ನೋವು ಏನು ಅಂತ ತಿಳಿದುಕೊಂಡ. ಒಂದೇ ಕಾಲ ಮೇಲೆ ಯುಗಯುಗದಿಂದ ನಿಂತ ಸ್ವಾಮಿಗೆ ಎಷ್ಟು ನೋವೋ ಅಂತ ಮರುಗಿ, ಕಾಲು ಬದಲಾಯಿಸು ಅಂತ ಬೇಡಿಕೊಂಡ. ಶಿವ ಬದಲಾಯಿಸಿದ. ಚಿಕ್ಕಮ್ಮ ಮಂಡಿ ಹಿಡಿದುಕೊಂಡು ಇದನ್ನು ಪೂರ್ತಿ ಕೇಳಿದರು. ಆಮೇಲೆ ಗಂಡನ ಕಡೆ ತಿರುಗಿ, "ಕೇಳಿಸ್ತಾ? ಅದು ಮನುಷ್ಯತ್ವ" ಅಂದರು.

ಚಿಕ್ಕಪ್ಪನಿಗೆ ಕೇಳಿಸಲಿಲ್ಲ. ಅವರು ಇತಿಹಾಸಕ್ಕೆ ಹೋಗಿದ್ದರು. 14ನೇ ಶತಮಾನದಲ್ಲಿ ಮಧುರೈ ಸುಲ್ತಾನರನ್ನು ಸೋಲಿಸಿದ್ದು ವಿಜಯನಗರದ ಬುಕ್ಕರಾಯನ ಮಗ ಕಂಪಣ. ಅವನು ಆಳುತ್ತಿದ್ದದ್ದು ನಮ್ಮ ಮುಳಬಾಗಿಲಿನಿಂದ. ಅವನ ಹೆಂಡತಿ ಗಂಗಾದೇವಿ ಆ ದಂಡಯಾತ್ರೆಯ ಬಗ್ಗೆ ಸಂಸ್ಕೃತದಲ್ಲಿ ಕಾವ್ಯವನ್ನೇ ಬರೆದಿದ್ದಾಳೆ. ಇಷ್ಟೂ ನಿಜ. "ಅಂದ್ರೆ ಏನಾಯ್ತು? ನಮ್ಮವರು ಮುಳಬಾಗಿಲಿಂದ ದಾರಿ ಹುಡುಕ್ಕೊಂಡು ಇಲ್ಲಿ ತನಕ ಬಂದ್ರು" ಅಂತ ಚಿಕ್ಕಪ್ಪ ಎದೆ ಉಬ್ಬಿಸಿದರು. ಕಂಪಣ ಬಹುಶಃ ನಡುನಡುವೆ ಯಾರನ್ನಾದರೂ ಕೇಳಿರುತ್ತಾನೆ ಅಂತ ನನ್ನ ಅಂದಾಜು.

ಕೊನೆಗೆ ಸಾವಿರ ಕಂಬದ ಮಂಟಪ. ಈಗ ಅದು ಮ್ಯೂಸಿಯಂ. ನಾಯಕರ ಮಂತ್ರಿ ಅರಿಯನಾಥ ಮೊದಲಿಯಾರ್ 1569ರಲ್ಲಿ ಕಟ್ಟಿಸಿದ್ದು. ಕಂಬಗಳ ಮೇಲೆ ಸಿಂಹದ ಹಾಗಿರುವ ಯಾಳಿ, ಕುದುರೆ, ಕುಣಿಯುವ ಗಣಪ. ಅಡ್ಡ ನೋಡಿ, ಓರೆ ನೋಡಿ, ಸಾಲು ಮಾತ್ರ ಹಗ್ಗ ಕಟ್ಟಿದ ಹಾಗೆ ನೇರ. ಚಿಕ್ಕಪ್ಪನ ಕಣ್ಣಲ್ಲಿ ನೀರು ಬಂತು. ಸರ್ವೆಯವರಿಗೆ ಮಾತ್ರ ಅರ್ಥವಾಗುವ ಭಕ್ತಿ ಅದು. ಆದರೆ ಇರುವುದು 985 ಕಂಬ ಅಂತ ಗೊತ್ತಾದದ್ದೇ ಭಕ್ತಿ ಇಳಿದು ಇಲಾಖೆ ಎದ್ದಿತು.

"ಬಾಕಿ 15 ಎಲ್ಲಿ?"

"ನಡುವೆ ಗುಡಿ ಬಂದಿದೆಯಲ್ಲ ಚಿಕ್ಕಪ್ಪ, ಜಾಗ ಬಿಟ್ಟಿರಬೇಕು."

"ಜಾಗ ಬಿಟ್ಟಿರ್ತಾರೆ. ಬಿಲ್ಲು ಸಾವಿರಕ್ಕೇ ಪಾಸಾಗಿರತ್ತೆ."

ಈ ಲೆಕ್ಕಪರಿಶೋಧನೆ ಮುಗಿಯುವ ಹೊತ್ತಿಗೆ ಹನ್ನೆರಡೂವರೆ ಹತ್ತಿರ ಬಂದಿತ್ತು. ಮಧ್ಯಾಹ್ನ ದೇವಸ್ಥಾನ ಮುಚ್ಚುತ್ತಾರೆ. ಕಾವಲಿನವರು ಎಲ್ಲರನ್ನೂ ಹೊರಗೆ ಕಳಿಸತೊಡಗಿದರು. ಯಾವ ಕಡೆ ಅಂತ ಕೇಳುವಷ್ಟರಲ್ಲಿ ಚಿಕ್ಕಪ್ಪ ಬೆರಳೆಣಿಸುತ್ತಾ ಮುಂದೆ ನಡೆದಿದ್ದರು. "ದೇವರ ಮುಖ ಪೂರ್ವಕ್ಕೆ. ಎದುರು ನಿಂತ ನನ್ನ ಮುಖ ಪಶ್ಚಿಮಕ್ಕೆ. ಪ್ರದಕ್ಷಿಣೆ 360 ಡಿಗ್ರಿ, ಅದು ಸೊನ್ನೆ. ಗಣಪತಿ ಹತ್ರ ಬಲಕ್ಕೆ..." ಹೀಗೆ ಕೂಡಿ ಕಳೆದು ನಮ್ಮನ್ನು ಹೊರಗೆ ತಂದು ನಿಲ್ಲಿಸಿದರು. ತಲೆ ಎತ್ತಿದರೆ ಗೋಪುರ. ಅದರ ಮೇಲೆ ನೀಲಿ ಮೈ, ದಪ್ಪ ಮೀಸೆ, ಗದೆ.

"ಹೇಳಿದ್ನಲ್ಲ!"

ನಾನು ಪಕ್ಕಕ್ಕೆ ನೋಡಿದೆ. ಅಲ್ಲೊಬ್ಬ ನೀಲಿಯವನಿದ್ದ. ಅವನ ಮೇಲಿನ ಅಂತಸ್ತಿನಲ್ಲಿ ಒಬ್ಬ. ಅದರ ಮೇಲೂ ಒಬ್ಬ. ನಾವು ನಿಂತಿದ್ದು ಪೂರ್ವದಲ್ಲಿ. ನಾಲ್ಕರಲ್ಲಿ ಎಲ್ಲಕ್ಕಿಂತ ಹಳೆಯ, 13ನೇ ಶತಮಾನದ ಗೋಪುರದ ಎದುರು. ಚಪ್ಪಲಿ ಇದ್ದದ್ದು ಸರಿಯಾಗಿ ಬೆನ್ನ ಹಿಂದೆ, ಇಡೀ ದೇವಸ್ಥಾನದ ಆಚೆ. ಒಳಗಿಂದ ಹೋಗೋಣವೆಂದರೆ ಬಾಗಿಲು ಮುಚ್ಚುತ್ತಿದೆ. ಹೊರಗಿಂದ ಹೋಗೋಣವೆಂದರೆ ಚಿತ್ತಿರೈ ಬೀದಿಗೆ ವಾಹನ ಬಿಡುವುದಿಲ್ಲ. ನೆಲ ದೋಸೆ ಕಾವಲಿ ಆಗಿತ್ತು. ಅಷ್ಟಾದರೂ ಚಿಕ್ಕಪ್ಪ ಸೋಲಲಿಲ್ಲ. "ನೆರಳು ನೋಡಿ ದಿಕ್ಕು ಹೇಳ್ತೀನಿ ಇರಿ" ಅಂತ ಬಿಸಿಲಲ್ಲಿ ನೆಟ್ಟಗೆ ನಿಂತರು.

ನೆರಳು ಇರಲಿಲ್ಲ. ಮಧುರೈ ಇರುವ ಅಕ್ಷಾಂಶದಲ್ಲಿ ಏಪ್ರಿಲ್ ನಡುವಿಗೆ ಸೂರ್ಯ ಮಧ್ಯಾಹ್ನ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ. ಹನ್ನೆರಡು ಹೊಡೆದು ಕಾಲು ಗಂಟೆ ದಾಟಿದ ಹೊತ್ತಿಗೆ ಕಂಬದ ನೆರಳು ಕಂಬದ ಕಾಲಡಿಗೇ ಸೇರಿರುತ್ತದೆ. ಜೀವಮಾನವಿಡೀ ನೆರಳನ್ನು ನಂಬಿದ ಮನುಷ್ಯ ತನ್ನ ಪಾದದ ಸುತ್ತ ಒಂದು ಸುತ್ತು ಹುಡುಕಿದರು. ಆಮೇಲೆ ಪಾದ ಸುಡುತ್ತಿದೆ ಅಂತ ನೆನಪಾಗಿ ಕುಣಿದರು. ಎತ್ತಿದ್ದು ಎಡಗಾಲೋ ಬಲಗಾಲೋ ಹೇಳುವುದು ಕಷ್ಟ. ಎರಡೂ.

ಗೋಡೆಯ ಪಕ್ಕ ಸಿಕ್ಕಷ್ಟು ತಂಪು ಹಿಡಿದು ಉತ್ತರದ ಕಡೆಯಿಂದ ಹೊರಟೆವು. ಉತ್ತರ ಗೋಪುರದ ಹತ್ತಿರ ಚಿಕ್ಕಪ್ಪ ಮತ್ತೆ ನೀಲಿಯವನನ್ನು ಕಂಡುಹಿಡಿದು, ಅಲ್ಲಿನ ಚಪ್ಪಲಿ ಸ್ಟ್ಯಾಂಡಿನಲ್ಲಿ ಬಿಲ್ಲೆ ಕೊಟ್ಟರು. ಆತ ಬಿಲ್ಲೆ ತಿರುಗಿಸಿ ನೋಡಿ, ನಮ್ಮ ನಾಲ್ವರ ಮುಖ ನೋಡಿ, ಏನೂ ಹೇಳದೆ ಮುಂದಕ್ಕೆ ಕೈ ತೋರಿಸಿದ. ದಿನಾ ನಮ್ಮಂಥವರು ಬರುತ್ತಾರೆ ಅನ್ನುವುದು ಆ ಕೈಯಲ್ಲೇ ಗೊತ್ತಾಯಿತು. ಈ ಗೋಪುರ ಬಹಳ ಕಾಲ ಮೇಲ್ಭಾಗ ಪೂರ್ತಿಯಾಗದೆ ಬೋಳಾಗಿತ್ತು, 19ನೇ ಶತಮಾನದಲ್ಲಿ ತುಂಬಿಕೊಂಡಿತು. ಇವತ್ತಿಗೂ ಜನ ಕರೆಯುವುದು ಮೊಟ್ಟೈ ಗೋಪುರ, ಅಂದರೆ ಬೋಳು ಗೋಪುರ ಅಂತಲೇ. ಚಿಕ್ಕಪ್ಪ ಟೋಪಿ ತೆಗೆದು ಬೆವರು ಒರೆಸಿಕೊಂಡು ಅದರ ಕಡೆ ಸ್ವಲ್ಪ ಆಸೆಯಿಂದ ನೋಡಿದರು.

ಅಲ್ಲಿ ಚಿಕ್ಕಮ್ಮ ಗಕ್ಕನೆ ನಿಂತರು.

"ರೀ, ದೇವಸ್ಥಾನ ಎಡಗಡೆಗಿದೆ."

"ಹೌದು, ಅದಕ್ಕೇನೀಗ?"

"ಅಪ್ರದಕ್ಷಿಣೆ ಬರ್ತಿದೀವಿ! ದೇವರಿಗೆ ಉಲ್ಟಾ ಸುತ್ತು! ನಡೀರಿ ವಾಪಸ್, ಆ ಕಡೆಯಿಂದ ಬರೋಣ."

ಆ ಕಡೆ ಅಂದರೆ ಪೂರ್ವ, ದಕ್ಷಿಣ ಎರಡನ್ನೂ ದಾಟಿ ಪಶ್ಚಿಮ. ಯಾರಿಗೂ ಬಾಯಿ ಬರಲಿಲ್ಲ. ಆಗ ನಮ್ಮ ಯಜಮಾನರು ಆ ದಿನದ ಮೊದಲ ಮಾತು ಆಡಿದರು. "ಸಂಜೆ ತಂಪಾದ ಮೇಲೆ ಬಲಗಡೆಯಿಂದ ಒಂದು ಸುತ್ತು ಹಾಕೋಣ ಚಿಕ್ಕಮ್ಮ. ಲೆಕ್ಕ ಚುಕ್ತಾ." ಅವರ ಕವನಗಳ ಬಗ್ಗೆ ನನಗಿದ್ದ ಅಭಿಪ್ರಾಯ ಅಂದು ಕೊಂಚ ಬದಲಾಯಿತು.

ಪಕ್ಕದಲ್ಲಿ ಒಬ್ಬಾಕೆ ಮಲ್ಲಿಗೆ ಮಾರುತ್ತಿದ್ದರು. ಮಧುರೈ ಮಲ್ಲಿಗೆ ಗೊತ್ತಲ್ಲ, ದಪ್ಪ ಮೊಗ್ಗು, ಬೀದಿ ತುದಿಯ ತನಕ ಪರಿಮಳ. ಚಿಕ್ಕಪ್ಪ ರೇಟು ಕೇಳಿ ನಮ್ಮ ಕಡೆ ತಿರುಗಿ, "ಹೊರಗಿನವರು ಅಂತ ಜಾಸ್ತಿ ಹೇಳ್ತಿದಾಳೆ, ಸುಮ್ನೆ ಬನ್ನಿ" ಅಂದರು. ಆಕೆ ಮಾಲೆ ಅಳೆಯುತ್ತಲೇ, ಎಲ್ಲರಿಗೂ ಅದೇ ರೇಟು ಅಂದರು. ಕನ್ನಡದಲ್ಲಿ. ತೇನಿ ಜಿಲ್ಲೆಯ ಕಂಬಂ ಕಡೆಯವರಂತೆ. ಆ ಸೀಮೆಯಲ್ಲಿ ತಲೆಮಾರುಗಳಿಂದ ಮನೆಯಲ್ಲಿ ಕನ್ನಡ ಆಡುವ ಕುಟುಂಬಗಳಿವೆ. ಅವರ ಕನ್ನಡ ನಮ್ಮದಕ್ಕಿಂತ ಬೇರೆ ಧಾಟಿ, ಆದರೆ ಅರ್ಥವಾಗದೇ ಇರುವಷ್ಟು ಬೇರೆಯಲ್ಲ. ಅಂದರೆ ಅಪ್ರದಕ್ಷಿಣೆ, ಚಪ್ಪಲಿ, ಚಿಕ್ಕಮ್ಮ ಅದಕ್ಕೂ ಮುಂಚೆ ಗಂಡನಿಗೆ ಅಂದಿದ್ದು, ಎಲ್ಲ ಅವರು ಕೇಳಿಸಿಕೊಂಡಿದ್ದರು. ಚಿಕ್ಕಪ್ಪ ಚೌಕಾಸಿ ಮಾಡದೆ ನಾಲ್ಕು ಮೊಳ ಕೊಂಡರು. ನೇರ ಹೋಗಿ ಎಡಕ್ಕೆ ತಿರುಗಿ ಅಂತ ಆಕೆ ದಾರಿಯನ್ನೂ ಹೇಳಿದರು. ಕೇಳದೆಯೇ.

ಚಪ್ಪಲಿ ಸಿಕ್ಕಿತು, ಫೋನ್ ಸಿಕ್ಕಿತು. ಜಿಗರ್‌ಥಂಡಾ ಕುಡಿದೆವು. ಚಿಕ್ಕಪ್ಪ ಫೋನಿನಲ್ಲಿ ದಿಕ್ಸೂಚಿ ತೆಗೆದು ಎಲ್ಲರಿಗೂ ತೋರಿಸಿ, "ನೋಡಿ, ಇದೇ ಪಶ್ಚಿಮ" ಅಂದರು. ಯಾರೂ ಇಲ್ಲ ಅನ್ನಲಿಲ್ಲ.

ಸಂಜೆ ಚಿಕ್ಕಮ್ಮ ಲಾಡ್ಜಿನಿಂದಲೇ ಬರಿಗಾಲಲ್ಲಿ ಹೊರಟರು. ನಾವೂ ಹಾಗೇ. ಬಲಗಡೆಯಿಂದ ಒಂದು ಸುತ್ತು ಹಾಕಿ ಸಾಲ ತೀರಿಸಿ ಒಳಗೆ ಹೋದೆವು. ರಾತ್ರಿ ಬಾಗಿಲು ಹಾಕುವ ಮುಂಚೆ ಸುಂದರೇಶ್ವರನ ಪಾದುಕೆಯನ್ನು ಪಲ್ಲಕ್ಕಿಯಲ್ಲಿಟ್ಟು ವಾದ್ಯ ಸಮೇತ ಮೀನಾಕ್ಷಿಯ ಶಯನಗೃಹಕ್ಕೆ ಕರೆದೊಯ್ಯುತ್ತಾರೆ. ದಿನಾ ಇದೇ. ಜನ ಅದರ ಹಿಂದೆ ಓಡುತ್ತಿದ್ದರು. ಚಿಕ್ಕಮ್ಮ ಕೆನ್ನೆ ಬಡಿದುಕೊಂಡರು.

"ಎಷ್ಟು ವರ್ಷದಿಂದ ಇಲ್ಲೇ ಇರೋ ದೇವರು. ಆದ್ರೂ ಹೆಂಡತಿ ಹತ್ರ ಹೋಗೋಕೆ ದಾರಿ ಗೊತ್ತಿರೋರನ್ನ ಜೊತೆಗೆ ಇಟ್ಕೊಂಡೇ ಹೋಗ್ತಾನೆ. ಮರ್ಯಾದೆ ಏನಾದ್ರೂ ಕಮ್ಮಿ ಆಯ್ತಾ ರೀ?"

ಚಿಕ್ಕಪ್ಪ ಪಲ್ಲಕ್ಕಿ ಹೋದ ಕಡೆ ನೋಡಿದರು. "ದಕ್ಷಿಣಕ್ಕೆ ಹೋಗ್ತಿದೆ" ಅಂದರು.