ಕೂಸನ್ನು ಯಾರ ಕೈಗೆ ಕೊಟ್ಟು ಹೋಗಲಿ?

ಮಗಳು ಹುಟ್ಟಿದಾಗ ನಾವು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದೆವು. ಬಾಣಂತನಕ್ಕೆಂದು ಹಾಸನದಿಂದ ಬಂದಿದ್ದ ಅತ್ತೆಯವರು 90 ದಿನದ ವೀಸಾ ಮುಗಿದು ಪೆಟ್ಟಿಗೆ ಕಟ್ಟುವಾಗ ಹೆಂಡತಿ ಕೇಳಿದಳು: "ನಾಳೆ ನಾನು ಕೆಲಸಕ್ಕೆ ಹೊರಟರೆ ಕೂಸನ್ನು ಯಾರ ಕೈಗೆ ಕೊಟ್ಟು ಹೋಗಲಿ?" ತಾಯಿ ಮನೆಯಲ್ಲಿರಬೇಕೋ ದುಡಿಯಬೇಕೋ ಎಂದು ನಮ್ಮವರು ವಾದಕ್ಕೆ ಕೂತಾಗಲೆಲ್ಲ ನನಗೆ ಈ ಮಾತೇ ನೆನಪಾಗುತ್ತದೆ. ಅವರ ವಾದವೆಲ್ಲ ತಾಯಿಯ ಮಮತೆ, ಅವಳ ಆಸೆಗಳ ಸುತ್ತ. ಕೂಸನ್ನು ಎತ್ತಿಕೊಳ್ಳಲು ಇನ್ನೊಂದು ಕೈ ಇದೆಯೇ ಎಂದು ಕೇಳುವವರು ಕಡಿಮೆ.

ಇಲ್ಲಿ ಮಗುವಿಗಾಗಿ ಮೂರು ವರ್ಷದವರೆಗೆ ರಜೆ ಹಾಕಿದರೂ ಕೆಲಸ ಹೋಗುವುದಿಲ್ಲ. 2007ರಿಂದ ಸರ್ಕಾರವೇ ವರ್ಷದ ಮಟ್ಟಿಗೆ ಸಂಬಳದ ಹೆಚ್ಚುಕಡಿಮೆ ಮೂರನೇ ಎರಡು ಭಾಗವನ್ನು, ಒಂದು ಮಿತಿಯೊಳಗೆ, ಕೊಡುತ್ತದೆ. ತಂದೆಯೂ ರಜೆ ತೆಗೆದುಕೊಂಡರೆ ಇನ್ನೆರಡು ತಿಂಗಳು. ನಾನು ತೆಗೆದುಕೊಂಡೆ. "ಕೆಲಸ ಹೋಯ್ತೇನಪ್ಪಾ?" ಎಂದು ಊರಿಂದ ಫೋನು ಬಂದದ್ದು ಇಂದಿಗೂ ನೋಯುತ್ತದೆ. ಒಂದು ವರ್ಷ ತುಂಬಿದ ಮಗುವಿಗೆ ಶಿಶುವಿಹಾರದಲ್ಲಿ ಜಾಗ 2013ರಿಂದ ಕಾನೂನಿನ ಹಕ್ಕು. (ಜಾಗ ಸಿಗುವುದು ಬೇರೆ ಮಾತು, ನಾವು ಏಳು ಕಡೆ ಅರ್ಜಿ ಹಾಕಿದ್ದೆವು.)

ಆದರೂ 14 ತಿಂಗಳ ಮಗುವನ್ನು ಬಿಟ್ಟು ಆಫೀಸಿಗೆ ಹೊರಟ ನನ್ನ ಹೆಂಡತಿಯನ್ನು ಸ್ಟುಟ್‌ಗಾರ್ಟ್‌ನ ನೆರೆಮನೆಯ ಹಿರಿಯರು ಬೇರೆಯೇ ಕಣ್ಣಿಂದ ನೋಡುತ್ತಿದ್ದರು. ಅಂಥ ತಾಯಿಗೆ ಜರ್ಮನ್ನಿನಲ್ಲಿ 'ರಾಬೆನ್‌ಮುಟರ್' ಎಂಬ ಹೆಸರೇ ಇದೆ, ಅಂದರೆ ಕಾಗೆತಾಯಿ, ಮಕ್ಕಳನ್ನು ಕಡೆಗಣಿಸುವವಳು ಎಂಬ ಬೈಗುಳ. ಮನೆವಾರ್ತೆಗೆ ಅಡ್ಡಿಯಾಗದಿದ್ದರೆ ಮಾತ್ರ ಹೆಂಡತಿ ಹೊರಗೆ ದುಡಿಯಬಹುದು ಎಂದು ಸ್ಟುಟ್‌ಗಾರ್ಟ್ ಸೇರಿದ್ದ ಪಶ್ಚಿಮ ಜರ್ಮನಿಯ ಕಾನೂನೇ 1977ರವರೆಗೂ ಹೇಳುತ್ತಿತ್ತು. ಆಮೇಲೆ ನಾವು ಲೈಪ್‌ಜಿಗ್‌ಗೆ ಬಂದೆವು. ಇದು ಹಳೆಯ ಪೂರ್ವ ಜರ್ಮನಿ. ಹಸುಗೂಸುಗಳಿಗೂ ಸರ್ಕಾರಿ ಶಿಶುಗೃಹವಿದ್ದ, ತಾಯಂದಿರು ದುಡಿಯುವುದೇ ವಾಡಿಕೆಯಾಗಿದ್ದ ನಾಡು. ಎರಡನೆಯ ಮಗುವಾದಾಗ ಇಲ್ಲಿನ ಅಜ್ಜಿಯರು ಅವಳನ್ನು ಕೇಳಿದ್ದು, "ಇನ್ನೂ ಮನೆಯಲ್ಲೇ ಇದ್ದೀಯಲ್ಲ, ಹುಷಾರಿದ್ದೀಯ ತಾನೇ?" ದೇಶ ಒಂದೇ, ಇಂದಿನ ಕಾನೂನು ಒಂದೇ, ತಾಯಿಯೂ ಅವಳೇ.

ನಮ್ಮಲ್ಲಿ 2017ರಲ್ಲಿ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಅಂಗನವಾಡಿಯಲ್ಲಿ ಮಗು ಹೋಗಿ ಕೂರುವುದು ಮೂರು ವರ್ಷದ ಮೇಲೆ. ನಡುವಿನ ಎರಡೂವರೆ ವರ್ಷ ಅಜ್ಜಿಯ ಪಾಲು. ಅಜ್ಜಿ ಇಲ್ಲದ ಮನೆಯ ತಾಯಿ ಪೀಣ್ಯದ ಗಾರ್ಮೆಂಟ್ಸಿಗೆ ಹೇಗೆ ಹೋಗಬೇಕು? ನರೇಗಾ ಕೂಲಿಗೆ ಹೋಗುವ ತಾಯಂದಿರಿಗಾಗಿ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆದ ಸುದ್ದಿ ಓದಿದಾಗ ನನಗೆ ನಿಜಕ್ಕೂ ಹಿಗ್ಗಾಯಿತು. ಬೆಂಗಳೂರಿನಲ್ಲೂ ಬೀದಿಗೊಂದು ಅಂಥದ್ದು ಬೇಕು.

ಅತ್ತೆಯವರು ಮುಂದೆ ಬೆಂಗಳೂರಿಗೆ ಹೋಗಿ ನನ್ನ ನಾದಿನಿಯ ಮಗುವನ್ನು ನೋಡಿಕೊಂಡರು. ರಜೆ ಮುಗಿದ ಮರುದಿನವೇ ಅವಳು ಕೆಲಸಕ್ಕೆ ಹೋದಳು. ಹತ್ತು ತಿಂಗಳಾದ ಮೇಲೆ ಅತ್ತೆಯವರು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಆ ವಾರವೇ ನಾದಿನಿ ರಾಜೀನಾಮೆ ಬರೆದುಕೊಟ್ಟಳು. ಕಾರಣ ಎಂದಿದ್ದ ಕಡೆ ಅವಳು ತುಂಬಿದ್ದು 'ವೈಯಕ್ತಿಕ' ಎಂದು.